ಚುಕ್ಕಿಗಳಿಗೆ ಚಳಿಯಿಲ್ಲ

ಇದು ನಡೆದ ಕಥೆ. ಎರಡು ಅರ್ಥದಲ್ಲೂ ನಡೆದದ್ದು: ಒಂದು, ಇದರಲ್ಲಿ ಸುಳ್ಳಿಲ್ಲ, ಎರಡು, ಮೊದಲಿನಿಂದ ಕೊನೆಯವರೆಗೆ ಇದರಲ್ಲಿ ಜನ ನಡೆಯುವುದು ಬಿಟ್ಟು ಹೆಚ್ಚಿನದೇನನ್ನೂ ಮಾಡುವುದಿಲ್ಲ. ಓಡಿದವರು ಇಬ್ಬರು ಮೂವರು ಇದ್ದರು. ಅವರನ್ನು ಅಗ್ನಿಶಾಮಕ ದಳದ ಕ್ಯಾಪ್ಟನ್ ಪ್ರಂದೋತಾ ಮರಳಿ ಕರೆದು ಮತ್ತೊಮ್ಮೆ ನಡೆಸಿದ್ದರಿಂದ ಅವರೂ ನಡೆದವರೇ.

ನಮ್ಮ ತಾರ್ನುಫ್ ಊರಿನ ಮಿರೋನ್ ಸೋಖಾನಿಗೆ ಚಿಕ್ಕಂದಿನಿಂದ ಒಂದು ಚಟ. ಯಾರೇ ಮುಂದೆ ಹೋಗುತ್ತಿರಲಿ, ಅವರ ಹಿಂದೆ ಹತ್ತು ಹೆಜ್ಜೆ ಅವರಂತೆಯೇ ನಡೆಯುವುದು. ಪಾದ್ರಿಯ ಹಿಂದೆ ಪಾದ್ರಿಯ ಹಾಗೆ ನೆಲಕ್ಕೆ ನೋವಾಗದಂತೆ, ಕಟುಕನ ಹಿಂದೆ ಕಟುಕನ ಹಾಗೆ ನೆಲಕ್ಕೇ ಸಾಲ ಕೊಟ್ಟವನಂತೆ. ಗಣಿತದ ಮೇಷ್ಟರ ಹಿಂದೆ ನಡೆದಾಗ ಮೇಷ್ಟರು ಥಟ್ಟನೆ ತಿರುಗಿ ಕಿವಿ ಹಿಂಡಿದರು. ಆ ಕಿವಿಯಿಂದಲೇ ಗಣಿತ ಒಳಗೆ ಹೋಯಿತೋ ಏನೋ, ಮುಂದೆ ಕಾಲೇಜಿನಲ್ಲಿ ಅವನಿಗೆ ಒಂದು ಸಂತೋಷದ ಸುದ್ದಿ ತಿಳಿಯಿತು. ಜನ ಗುಂಪಾಗಿ ಹೇಗೆ ನಡೆಯುತ್ತಾರೆ, ಬಾಗಿಲಲ್ಲಿ ಹೇಗೆ ಸಿಕ್ಕಿಕೊಳ್ಳುತ್ತಾರೆ, ಬೆಂಕಿ ಬಿದ್ದರೆ ಎಷ್ಟು ಹೊತ್ತಿನಲ್ಲಿ ಹೊರಬೀಳುತ್ತಾರೆ ಎನ್ನುವುದಕ್ಕೆ ಒಂದು ಶಾಸ್ತ್ರವೇ ಇದೆ ಎಂಬ ಸುದ್ದಿ. ಕಂಪ್ಯೂಟರಿನಲ್ಲಿ ಒಂದು ಕಟ್ಟಡ ಬರೆಯುವುದು, ಅದರೊಳಗೆ ಮನುಷ್ಯರಿಗೆ ಬದಲಾಗಿ ನೂರಾರು ಚುಕ್ಕಿಗಳನ್ನು ಬಿಡುವುದು. ಪ್ರತಿ ಚುಕ್ಕಿಗೂ ಹೊರಗೆ ಹೋಗುವ ಆಸೆ, ಪಕ್ಕದ ಚುಕ್ಕಿಗೆ ತಾಗಬಾರದೆಂಬ ಸಂಕೋಚ. ಆಸೆಗೂ ಸಂಕೋಚಕ್ಕೂ ಒಂದೊಂದು ಸೂತ್ರ. ಮಿರೋನ್ ಅದರಲ್ಲೇ ಡಾಕ್ಟರೇಟ್ ಪಡೆದ. "ಅಣಕಿಸಿ ಅಣಕಿಸಿ ಡಾಕ್ಟ್ರಾದೋನು ಇಡೀ ಊರಲ್ಲಿ ನೀನೊಬ್ನೇ ಕಣೋ" ಎಂದು ಅವನ ತಾಯಿ ಪಕ್ಕದ ಮನೆಗೆ ಕೇಳುವಷ್ಟು ದನಿಯಲ್ಲಿ ಹೆಮ್ಮೆಪಟ್ಟಳು.

ಈಗ ಯಸ್ಕೂವ್ಕಾ ರಂಗಮಂದಿರದ ವಿಷಯ. ಊರಿನ ಚೌಕದ ಅಂಚಿನಲ್ಲಿ ನೂರು ವರ್ಷದಿಂದ ನಿಂತಿರುವ ಮಂದಿರ. ಒಟ್ಟು ನಾನೂರ ಹನ್ನೆರಡು ಆಸನ, ಅದರಲ್ಲಿ ನೂರ ನಲವತ್ತು ಬಾಲ್ಕನಿಯಲ್ಲಿ. ಬಾಲ್ಕನಿಗೆ ಇರುವುದು ಒಂದೇ ಮೆಟ್ಟಿಲು, ಅದೂ ಇಬ್ಬರು ದಪ್ಪನೆಯವರು ಎದುರಾದರೆ ಒಬ್ಬರು ಕ್ಷಮೆ ಕೇಳಬೇಕಾದಷ್ಟು ಅಗಲ. ಎರಡು ವರ್ಷದ ಹಿಂದೆ ಅಗ್ನಿಶಾಮಕದವರು ಬಂದು ನೋಡಿ ಬಾಲ್ಕನಿಗೆ ಬೀಗ ಜಡಿದರು. ಇಡೀ ಮಂದಿರ ಐದು ನಿಮಿಷದೊಳಗೆ ಖಾಲಿಯಾಗುತ್ತದೆ ಎಂದು ಯಾರಾದರೂ ತೋರಿಸಿಕೊಟ್ಟರೆ ಮಾತ್ರ ತೆಗೆಯುತ್ತೇವೆ ಎಂದರು. ಇನ್ನೊಂದು ಮೆಟ್ಟಿಲು ಕಟ್ಟೋಣವೆಂದರೆ ಚಿತ್ರ ಬರೆದ ಹಳೆಯ ಗೋಡೆಯನ್ನು ಒಡೆಯಬೇಕು, ಅದಕ್ಕೆ ಊರು ಒಪ್ಪದು.

ಊರಿನ ಅಜ್ಜ ಅಜ್ಜಿಯರು, ಶಾಲೆಯ ಮಕ್ಕಳು, ಹೊಲಿಗೆಯವರು, ರೈಲ್ವೆಯವರು ಎಲ್ಲ ಕೂರುತ್ತಿದ್ದದ್ದು ಆ ಬಾಲ್ಕನಿಯಲ್ಲೇ. ಮಿರೋನ್‌ನ ತಾಯಿ ದರ್ಜಿ. ಆರು ವರ್ಷದ ಅವನನ್ನು ಮೊದಲ ನಾಟಕಕ್ಕೆ ಕೂರಿಸಿದ್ದೂ ಅಲ್ಲೇ. ಕಟಕಟೆಯ ಮೇಲೆ ಗದ್ದ ಇಟ್ಟು ನೋಡಿದರೆ ಕೆಳಗೆ ನಟರ ತಲೆಗಳು ಚುಕ್ಕಿಗಳಂತೆ ಓಡಾಡುತ್ತಿದ್ದವು. ಜನರನ್ನು ಮೇಲಿನಿಂದ ನೋಡುವ ವಿದ್ಯೆಯನ್ನು ಅವನು ಕಲಿತದ್ದು ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ. ಹಾಗಾಗಿ ಪುರಸಭೆಯ ಸಭೆಯಲ್ಲಿ, ಕೇಳುವ ಮೊದಲೇ, ಎದ್ದು ನಿಂತು ಹೇಳಿಬಿಟ್ಟ:

"ಬಾಲ್ಕನಿ ನಾನು ತೆಗೆಸ್ತೀನಿ. ಈ ಊರಿನ ಒಬ್ಬೊಬ್ಬರ ನಡಿಗೆಯೂ ನನ್ನ ಲ್ಯಾಪ್‌ಟಾಪಲ್ಲಿದೆ."

ಮಾತು ಮರುದಿನ ಊರಿನ ಪತ್ರಿಕೆಯಲ್ಲಿ ಬಂತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ನವೆಂಬರಿನಲ್ಲಿ ಪ್ರಯೋಗ ಶುರುವಾಯಿತು. ಅರವತ್ತು ಜನ ನಿವೃತ್ತರು ಸ್ವಯಂಸೇವಕರಾಗಿ ಬಂದರು. ಅವರ ನಾಯಕ ಹಿಯೆರೋನಿಮ್, ನಲವತ್ತು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವನು. ಮಿರೋನ್ ಎಲ್ಲರಿಗೂ ಒಂದೊಂದು ಬಣ್ಣದ ಟೋಪಿ ಹಂಚಿದ.

"ಟೋಪಿ ಯಾಕಪ್ಪಾ ನಂಗೆ?" ಎಂದ ಹಿಯೆರೋನಿಮ್.

"ಮೇಲಿರೋ ಕ್ಯಾಮೆರಾಗೆ ನಿಮ್ಮ ತಲೆ ಕಾಣ್ಬೇಕು."

"ನನ್ನ ಬೋಳು ತಲೆ ವಾರ್ಸಾದಿಂದಾನೂ ಕಾಣುತ್ತೆ. ಟೋಪಿ ಉಳಿಸ್ಕೋ."

"ಅದೇ ತೊಂದ್ರೆ. ಕ್ಯಾಮೆರಾ ಅದನ್ನ ದೀಪ ಅನ್ಕೊಳ್ಳುತ್ತೆ."

ಅರವತ್ತು ಟೋಪಿಗಳು ಆಸನದಿಂದ ಎದ್ದವು, ಮೆಟ್ಟಿಲಿಳಿದವು, ಬಾಗಿಲು ದಾಟಿದವು. ಮತ್ತೆ ಕೂತವು, ಮತ್ತೆ ಎದ್ದವು. ಬಾಗಿಲಲ್ಲಿ ತಳ್ಳಿದಷ್ಟೂ ತಡವಾಗುತ್ತದೆ, ತಳ್ಳದೆ ಒಬ್ಬರ ಹಿಂದೊಬ್ಬರು ಹೋದರೆ ಬೇಗ ಆಗುತ್ತದೆ ಎನ್ನುವುದನ್ನು ಮಿರೋನ್ ಗೋಧಿಯನ್ನು ಆಲಿಕೆಯಲ್ಲಿ ಸುರಿದು ತೋರಿಸಿದ. ಹೇಳುವಾಗ ಬೆನ್ನ ಹಿಂದೆ ಟಿಪ್ಪಣಿ ಪುಸ್ತಕ ಹಿಡಿದು, ಕನ್ನಡಕ ತಳ್ಳಿಕೊಳ್ಳುತ್ತ ಮೆಟ್ಟಿಲ ಮೇಲೆ ಕೆಳಗೆ ತಾನೂ ಓಡಾಡುತ್ತಿದ್ದ. ಅರವತ್ತು ಜೊತೆ ಕಣ್ಣುಗಳು ಅವನ ಹಿಂದೆಯೇ ಹತ್ತಿ ಇಳಿಯುತ್ತಿದ್ದವು. ಅವನು ಅದನ್ನು ಗೌರವ ಅಂದುಕೊಂಡಿದ್ದ.

ಅಳತೆಗಳೆಲ್ಲ ಲ್ಯಾಪ್‌ಟಾಪಿಗೆ ಹೋದವು. ನಾನೂರ ಹನ್ನೆರಡು ಚುಕ್ಕಿಗಳು ಪರದೆಯ ಮೇಲೆ ನದಿಯಂತೆ ಹರಿದು ಹೊರಬಂದವು. ನಾಲ್ಕು ನಿಮಿಷ ಹತ್ತು ಸೆಕೆಂಡು! ಕ್ಯಾಪ್ಟನ್ ಪ್ರಂದೋತಾ ಪೊದೆಮೀಸೆಯ, ಕಡಿಮೆ ಮಾತಿನ ಮನುಷ್ಯ. ಕೊರಳಲ್ಲಿ ಯಾವಾಗಲೂ ಸೆಕೆಂಡು ಅಳೆಯುವ ಓಟದ ಗಡಿಯಾರ. ಪರದೆ ನೋಡಿ ಮೀಸೆ ಮಾತ್ರ ಅಲುಗಿಸಿದ.

"ಪರದೆ ಮೇಲೆ ನಾಲ್ಕು ನಿಮಿಷ. ನನ್ನ ಗಡಿಯಾರದಲ್ಲಿ ಎಷ್ಟು ಅಂತ ನೋಡೋಣ. ಪ್ರೇಕ್ಷಕರು ನಿಜವಾದೋರು ಇರ್ಬೇಕು. ಯಾವತ್ತು ಅಂತ ಅವ್ರಿಗೆ ಗೊತ್ತಿರ್ಬಾರ್ದು."

ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಹಾಸ್ಯ ನಾಟಕದ ಎರಡನೆಯ ಅಂಕ. ಆ ಒಂದು ದಿನದ ಮಟ್ಟಿಗೆ ಬಾಲ್ಕನಿಯನ್ನೂ ತೆರೆಸಿ ತುಂಬಿಸಿದ್ದರು. ಹೊರಗೆ ಸೊನ್ನೆಗಿಂತ ಎಂಟು ಕೆಳಗೆ. ಬೆಂಕಿಯ ಎಚ್ಚರಿಕೆ ಗಂಟೆ ಹೊಡೆಯಿತು. ಜನ ಒಂದು ಕ್ಷಣ ಪಕ್ಕದವರ ಮುಖ ನೋಡಿದರು, ಎದ್ದರು, ಯಾರನ್ನೂ ತಳ್ಳದೆ ಸಾಲಾಗಿ ಹೊರಟರು. ಬಾಲ್ಕನಿಯವರು ಮೆಟ್ಟಿಲನ್ನು ಎಣಿಸಿದಂತೆ ಇಳಿದರು. ಮೂಲೆಯಲ್ಲಿ ನಿಂತಿದ್ದ ಮಿರೋನ್‌ಗೆ ಕುಣಿಯಬೇಕೆನಿಸಿತು. ಚುಕ್ಕಿಗಳೇ! ಅಚ್ಚು ಅವನ ಚುಕ್ಕಿಗಳೇ!

ಕೆಳಗಿನ ಮೊಗಸಾಲೆಗೆ ಬಂದ ಚುಕ್ಕಿಗಳು ಬಲಕ್ಕೆ, ಬಾಗಿಲ ಕಡೆಗೆ, ತಿರುಗಬೇಕಿತ್ತು. ಎಡಕ್ಕೆ ತಿರುಗಿದವು.

ಎಡಕ್ಕೆ ಕೋಟುಮನೆ. ನಮ್ಮಲ್ಲಿ ಕೋಟು ತೊಟ್ಟೇ ನಾಟಕಕ್ಕೆ ಕೂತವನನ್ನು ಟೋಪಿ ತೆಗೆಯದೆ ಇಗರ್ಜಿಯ ಪೀಠ ಹತ್ತಿದವನಂತೆ ನೋಡುತ್ತಾರೆ. ಬಂದ ಕೂಡಲೇ ಕೋಟು, ಸ್ಕಾರ್ಫು, ಟೋಪಿ ಎಲ್ಲ ಇರ್ಮೀನಾ ಗಾವ್ಲಿಕ್‌ಳ ಕೈಗೆ ಕೊಟ್ಟು, ಹಿತ್ತಾಳೆಯ ಸಂಖ್ಯೆಬಿಲ್ಲೆ ತೆಗೆದುಕೊಂಡು ಒಳಗೆ ಹೋಗಬೇಕು. ಇರ್ಮೀನಾ ಮೂವತ್ತೊಂದು ವರ್ಷದಿಂದ ಆ ಕಟ್ಟೆಯ ಹಿಂದೆ ನಿಂತಿದ್ದಾಳೆ. ಅಷ್ಟರಲ್ಲಿ ಒಂದು ಕೈಗವಸೂ ಅದಲು ಬದಲಾಗಿಲ್ಲ. ಈಗ ಗಂಟೆ ಕಿವಿ ಹರಿಯುವಂತೆ ಹೊಡೆಯುತ್ತಿದ್ದರೂ ಅವಳು ಒಂದೊಂದೇ ಬಿಲ್ಲೆ ನೋಡಿ, ಒಂದೊಂದೇ ಕೋಟು ಕೊಡವಿ, ತೋಳು ತೂರಿಸಲು ಸಹಾಯ ಮಾಡಿ ಕೊಡುತ್ತಿದ್ದಳು. ಮುಂದೆ ಸರತಿ ಸಾಲು ಮೊಗಸಾಲೆಯನ್ನು ಮೂರು ಸುತ್ತು ಸುತ್ತಿತ್ತು.

"ಕೊನೇಲಿ ಯಾರು?" ಎಂದು ಹೊಸದಾಗಿ ಇಳಿದು ಬಂದ ಒಬ್ಬಾತ ಕೇಳಿದ.

"ನಾನೇ. ಆದ್ರೆ ನನ್ನ ಹಿಂದೆ ಹಸಿರು ಸ್ವೆಟರ್‌ನೋರೊಬ್ರು ಇದಾರೆ. ಈಗ ಬರ್ತೀನಿ ಅಂತ ಹೇಳಿ ಹೋಗಿದಾರೆ."

"ಬೆಂಕಿ ಬಿದ್ದಾಗ ಎಲ್ಲಿಗ್ರೀ ಹೋದ್ರು?"

"ಶೌಚಕ್ಕೆ. ಸರತಿ ಉದ್ದ ಇದೆಯಲ್ಲ, ಬಂದ್ಬಿಡ್ತಾರೆ."

ಹದಿನಾಲ್ಕು ನಿಮಿಷಕ್ಕೆ ಕ್ಯಾಪ್ಟನ್ ಗಡಿಯಾರ ನಿಲ್ಲಿಸಿದ. ಇನ್ನೂ ಇನ್ನೂರು ಜನ ಒಳಗಿದ್ದರು. ಎಲ್ಲರೂ ಬಹಳ ಮರ್ಯಾದೆಯಿಂದ ನಿಂತಿದ್ದರು.

"ಡಾಕ್ಟ್ರೇ, ನಿಮ್ಮೂರಿನ ಜನ ಬಹಳ ಶಿಸ್ತು" ಎಂದ ಕ್ಯಾಪ್ಟನ್. "ಶಿಸ್ತಾಗಿ ಸುಟ್ಟು ಹೋಗ್ತಾರೆ."

ಮಿರೋನ್‌ನ ಮುಖ ಅವನ ಟೋಪಿಗಳಲ್ಲಿ ಕೆಂಪನೆಯದರಂತೆ ಆಯಿತು. ತಪ್ಪೆಲ್ಲಿ ಎಂದು ಅವನಿಗೆ ಆ ಕ್ಷಣಕ್ಕೇ ಹೊಳೆದಿತ್ತು. ನವೆಂಬರಿನಲ್ಲಿ ಟೋಪಿ ಹಾಕಿಕೊಂಡು ನಡೆದ ಅರವತ್ತು ಜನ ತಮ್ಮ ಕೋಟುಗಳನ್ನು ಹೊರಬಾಗಿಲ ಪಕ್ಕದ ಬೆಂಚಿನ ಮೇಲೆ ರಾಶಿ ಹಾಕಿ ಬಂದಿದ್ದರು! ಆದರೂ ಹೊಳೆದದ್ದನ್ನು ನುಂಗಿ ಕೋಟುಮನೆಯ ಕಟ್ಟೆಗೆ ಹೋಗಿ ಕೂಗಾಡಿದ.

"ಇರ್ಮೀನಮ್ಮಾ, ಗಂಟೆ ಹೊಡೀತಿರೋವಾಗ ಕೋಟು ಯಾಕ್ರೀ ಕೊಟ್ರಿ? ಕೊಡದೇ ಇದ್ದಿದ್ರೆ ಎಲ್ರೂ ಹೊರಗೆ ಹೋಗ್ತಿದ್ರು!"

"ಹೋಗ್ತಿರ್ಲಿಲ್ಲ. ಕೊಡೋವರ್ಗೂ ನಿಂತಿರ್ತಿದ್ರು" ಎಂದಳು ಇರ್ಮೀನಾ, ಕಟ್ಟೆ ಒರೆಸುತ್ತ. "ಮೂವತ್ತೊಂದು ವರ್ಷದಲ್ಲಿ ಜನವರೀಲಿ ಒಬ್ರನ್ನೂ ಬರೀ ಅಂಗೀಲಿ ಆಚೆ ಕಳ್ಸಿಲ್ಲ ನಾನು. ನಿಂಗೆ ಲೆಕ್ಕ ಗೊತ್ತಿದೆ, ನಂಗೆ ನೆಗಡಿ ಗೊತ್ತಿದೆ, ಆಯ್ತಾ?"

ಮಾತು ಮುಗಿಯಿತು ಎನ್ನಬೇಕಾದಾಗಲೆಲ್ಲ ಅವಳು ಬೀಗ ಜಡಿದಂತೆ 'ಆಯ್ತಾ' ಹಾಕುತ್ತಿದ್ದಳು.

"ದೇಶದಲ್ಲೇ ಬೆಚ್ಚಗಿನ ಊರು ನಮ್ದು ಅಂತ ಎಲ್ಲಾ ಕಡೆ ಕೊಚ್ಕೋತೀವಲ್ಲಮ್ಮಾ! ಐದು ನಿಮಿಷ ಕೋಟಿಲ್ದೇ ನಿಲ್ಲೋಕಾಗಲ್ವಾ?"

"ಬೆಚ್ಚಗಿದ್ರೆ ನೀನ್ಯಾಕೆ ಎರಡು ಸ್ಕಾರ್ಫ್ ಕೊಟ್ಟಿದ್ದೆ ಇವತ್ತು? ನೂರ ಏಳನೇ ಕೊಕ್ಕೆ. ಒಂದು ನೀಲಿ, ಒಂದು ನಿಮ್ಮಮ್ಮ ಹೆಣೆದದ್ದು." ಅವಳು ಎರಡನ್ನೂ ತಂದು ಕಟ್ಟೆಯ ಮೇಲಿಟ್ಟಳು. "ಒಂದು ಮಾತು ಕೇಳ್ತೀನಿ. ನಿನ್ನ ಚುಕ್ಕಿಗಳಿಗೆ ಚಳಿ ಆಗಲ್ವಾ?"

ಮಿರೋನ್ ಎರಡೂ ಸ್ಕಾರ್ಫ್ ಎತ್ತಿಕೊಂಡ. ಆರು ವರ್ಷದ ಸಂಶೋಧನೆಯಲ್ಲಿ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಕ್ಯಾಪ್ಟನ್ ಇನ್ನೊಂದೇ ಅವಕಾಶ ಕೊಟ್ಟ: ಕೊಬ್ಬಿನ ಗುರುವಾರದ ಸಂಜೆ ಆಟ. ಲೆಂಟ್ ಉಪವಾಸಕ್ಕೆ ಮುಂಚೆ ಇಡೀ ಊರು ಗುಲಾಬಿ ಜಾಮ್ ತುಂಬಿದ ಕರಿದ ಪೊಂಚ್ಕಿ ತಿಂದು ಹೊಟ್ಟೆ ಬಿರಿಸಿಕೊಳ್ಳುವ ದಿನ ಅದು. ಅವತ್ತೂ ಆಗದಿದ್ದರೆ ಬಾಲ್ಕನಿಯ ಬಾಗಿಲಿಗೆ ಇಟ್ಟಿಗೆ ಗೋಡೆ, ಶಾಶ್ವತವಾಗಿ.

ಮರುದಿನ ಮಿರೋನ್ ಲ್ಯಾಪ್‌ಟಾಪ್ ಹೊತ್ತು ಕೋಟುಮನೆಗೇ ಹೋಗಿ ಒಂದು ಸ್ಟೂಲು ಕೇಳಿದ. ಇರ್ಮೀನಾ ಸ್ಟೂಲು ಕೊಟ್ಟಳು, ಗಾಜಿನ ಲೋಟದಲ್ಲಿ ನಿಂಬೆಚೂರು ಹಾಕಿದ ಚಹಾ ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಮೂರನೆಯ ದಿನ ಅದನ್ನೂ ಕೊಟ್ಟಳು. ಎತ್ತರದವರ ಕೋಟು ಮೇಲಿನ ಕೊಕ್ಕೆಗೆ, ಮಂಡಿನೋವಿನವರದು ಕಟ್ಟೆಗೆ ಹತ್ತಿರ. ಹೊಸದಾಗಿ ಮದುವೆಯಾದವರದು ಒಂದೇ ಕೊಕ್ಕೆಗೆ. ಮದುವೆ ಹಳೆಯದಾದ ಮೇಲೆ ಬೇರೆ ಬೇರೆ, ಇಲ್ಲದಿದ್ದರೆ ಜಗಳ. ಒಂದು ಕೋಟಿಗೆ ನಾಲ್ಕು ಸೆಕೆಂಡು. ಮಿರೋನ್ ಪ್ರತಿ ಚುಕ್ಕಿಗೂ ಕೋಟಿನ ಆಸೆಯ ಸೂತ್ರ ಬರೆದ. ಗುಂಡಿ ಒತ್ತಿದ. ನಾನೂರ ಹನ್ನೆರಡು ಚುಕ್ಕಿಗಳು ಕೋಟುಮನೆಯ ಮುಂದೆ ಜೇನುಗೂಡಿನಂತೆ ಕಟ್ಟಿಕೊಂಡು ನಿಂತವು. ಇಪ್ಪತ್ತೇಳೂವರೆ ನಿಮಿಷ.

ಇರ್ಮೀನಾ ಕನ್ನಡಕ ಏರಿಸಿ ಪರದೆ ನೋಡಿದಳು. "ಈಗ ನೋಡು, ಅಚ್ಚು ನಮ್ಮೂರಿನ ಥರ ಕಾಣುತ್ತೆ" ಎಂದಳು ಹೆಮ್ಮೆಯಿಂದ.

ದಾರಿ ಕಂಡದ್ದು ಎರಡನೆಯ ವಾರ. ಆಟಕ್ಕೆ ಇನ್ನೂ ಸಮಯವಿತ್ತು. ಇರ್ಮೀನಾ ಕಬ್ಬಿಣದ ಬಾಗಿಲನ್ನು ಎಳೆದು, ಬೀಗ ಹಾಕಿ, ಕೀಲಿಗೊಂಚಲು ಹಿಡಿದು ಎದುರಿನ ಕಮಾನುಗಳ ಕೆಳಗಿನ ಅಂಗಡಿಗೆ ನಿಂಬೆಹಣ್ಣು ತರಲು ಹೊರಟಳು. ಅವಳ ನಡಿಗೆ ಊರಿಗೇ ಗೊತ್ತು: ಎಡಗಾಲು ಸ್ವಲ್ಪ ತಡವಾಗಿ ಹೊರಡುತ್ತದೆ, ಬಲಗಾಲು ನಿಂತು ಅದನ್ನು ಕರೆದುಕೊಂಡು ಹೋಗುತ್ತದೆ. ಸ್ಟೂಲಿನ ಮೇಲಿಂದ ನೋಡುತ್ತಿದ್ದ ಮಿರೋನ್‌ಗೆ ಒಂದು ವಿಚಿತ್ರ ಕಂಡಿತು. ಪೂರ್ವಾಭ್ಯಾಸ ಮುಗಿಸಿ ಬಂದ ಮೂವರು ನಟರು ಬಿಲ್ಲೆ ಹಿಡಿದು ಮುಚ್ಚಿದ ಬಾಗಿಲನ್ನು ನೋಡಿದರು, ಹೊರಗೆ ಹೋಗುತ್ತಿದ್ದ ಇರ್ಮೀನಾಳನ್ನು ನೋಡಿದರು, ಏನೂ ಮಾತಾಡದೆ ಅವಳ ಹಿಂದೆಯೇ ಚಳಿಯಲ್ಲಿ ನಡೆದು ಹೋದರು. ಬರೀ ಅಂಗಿಯಲ್ಲಿ! ನಿಂಬೆಹಣ್ಣಿನ ಅಂಗಡಿಯವರೆಗೂ!

ಅವಳು ಮರಳಿದಾಗ ಮಿರೋನ್ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದ.

"ಇರ್ಮೀನಮ್ಮಾ! ಜನ ಕೋಟಿನ ಹಿಂದೆ ಹೋಗ್ತಿಲ್ಲ, ನಿಮ್ಮ ಹಿಂದೆ ಹೋಗ್ತಿದಾರೆ! ಗಂಟೆ ಹೊಡೆದ ತಕ್ಷಣ ನೀವು ಬಾಗ್ಲೆಳೆದು, ಬೀಗ ಹಾಕಿ, ಕೀಲಿ ಎತ್ತಿ ಹಿಡ್ಕೊಂಡು ಎದುರುಗಡೆ ಕಮಾನಿಗೆ ನಡೀಬೇಕು. ಅಷ್ಟೇ!"

"ಕೋಟು ಬಿಟ್ಟು ನಾನು ಹೋಗೋದಾ? ಇಳಿಯೋ ಕೆಳಗೆ."

"ಕಬ್ಬಿಣದ ಬಾಗ್ಲು, ನಿಮ್ಮ ಕೈಲಿ ಕೀಲಿ. ಯಾರು ಮುಟ್ತಾರೆ?"

"ಸರಿ. ಆಚೆ ಬಂದ ಮುದುಕ್ರು ಚಳೀಲಿ ಏನು ಹೊದ್ಕೋತಾರೆ? ನಿನ್ನ ಸೂತ್ರಾನಾ?"

ಮಿರೋನ್ ಸ್ಟೂಲಿನಿಂದ ಇಳಿದ. ಇರ್ಮೀನಾ ನಿಂಬೆ ಹೆಚ್ಚುತ್ತ, ಹೆಚ್ಚುತ್ತ ನಿಧಾನವಾದಳು. ಕಮಾನಿನ ಕೆಳಗೆ, ಅಂಗಡಿಯ ಪಕ್ಕದಲ್ಲೇ, ಮಂದಿರದ ಉಡುಪುಗಳ ಉಗ್ರಾಣ. ನೂರು ವರ್ಷದ ನಾಟಕಗಳ ನಿಲುವಂಗಿಗಳು, ರಾಜರದು, ಸನ್ಯಾಸಿನಿಯರದು, ಸೈತಾನರದು, ಎಲ್ಲ ಅಲ್ಲಿ ತೂಗುತ್ತಿವೆ. "ಐನೂರಕ್ಕೆ ಕಮ್ಮಿ ಇಲ್ಲ" ಎಂದಳು. "ಅದಕ್ಕೂ ನಾನೇ ನಿಂತು ಹೊದಿಸ್ತೀನಿ, ಆಯ್ತಾ?"

ಉಳಿದದ್ದು ಬಾಲ್ಕನಿ. ಮೇಲಿನವರಿಗೆ ಅವಳು ಕಾಣುವುದಿಲ್ಲ, ದನಿಯಾದರೂ ಕೇಳಬೇಕು. ಧ್ವನಿಮುದ್ರಣಕ್ಕೆ ಹಿಯೆರೋನಿಮ್ ಯಂತ್ರ ತಂದ. ಮೈಕ್ ಕಂಡೊಡನೆ ಇರ್ಮೀನಾ ಬೆನ್ನು ನೆಟ್ಟಗೆ ಮಾಡಿ ರೇಡಿಯೋದಲ್ಲಿ ಶೋಕವಾರ್ತೆ ಓದುವವಳಂತಾದಳು. ಹತ್ತು ಸಲ ಮಾಡಿದರೂ ಹತ್ತು ಸಲವೂ ಯಾರೋ ಸತ್ತಂತಿತ್ತು.

ಬೇಸತ್ತ ಹಿಯೆರೋನಿಮ್ ಬಾಯಿ ತಪ್ಪಿ ಆಡಿಬಿಟ್ಟ: "ಅಯ್ಯೋ, ಅದನ್ನ ಮಿರೋನ್ ಹತ್ರ ಹೇಳ್ಸಿ. ನಿಮ್ಮ ಹಾಗೆ ನಿಮಗಿಂತ ಚೆನ್ನಾಗಿ ಮಾಡ್ತಾನೆ."

ಕೋಟುಮನೆಯಲ್ಲಿ ಕೋಟುಗಳೂ ಉಸಿರು ಬಿಗಿಹಿಡಿದವು. ಇರ್ಮೀನಾ ನಿಧಾನವಾಗಿ ತಿರುಗಿದಳು.

"ಮಾಡ್ತಾನಾ? ಮಾಡ್ಲಿ ನೋಡೋಣ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಜನರನ್ನು ಹೊರಗೆ ಕಳಿಸುವ ಶಾಸ್ತ್ರದಲ್ಲಿ ಡಾಕ್ಟರನಾದವನಿಗೇ ಬಾಗಿಲು ಕಾಣಲಿಲ್ಲ. ಮಿರೋನ್ ಮೈಕ್ ಹಿಡಿದು, ಗದ್ದ ಒಳಗೆಳೆದು, ಮಾಡಿದ: "ಕೋಟು ಎಲ್ಲೂ ಓಡಿ ಹೋಗಲ್ಲ, ನೀವೂ ಓಡ್ಬೇಡಿ. ಬೀಗ ಹಾಕಿದೀನಿ, ಕೀಲಿ ನನ್ನ ಹತ್ರ ಇದೆ. ನಾನು ಎದುರುಗಡೆ ಕಮಾನಿನ ಕೆಳಗಿದೀನಿ. ಸುಮ್ನೆ ನಡ್ಕೊಂಡು ಬನ್ನಿ, ಆಯ್ತಾ?"

ಇರ್ಮೀನಾ ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೊನೆಗೆ, "ಆಯ್ತಾ ಅನ್ನೋವಾಗ ನಾನು ಅಷ್ಟು ಮೂಗಲ್ಲಿ ಹೇಳಲ್ಲ, ಆಯ್ತಾ?" ಎಂದಳು, ಅಷ್ಟೇ ಮೂಗಲ್ಲಿ.

ಹಿಯೆರೋನಿಮ್ ಕೋಟುಗಳ ಮಧ್ಯೆ ಮುಖ ಹುದುಗಿಸಿಕೊಂಡ.

"ಎಷ್ಟು ವರ್ಷದಿಂದ ನಡೀತಿದೆ ಇದು?" ಎಂದಳು ಅವಳು.

"ಹನ್ನೆರಡು" ಎಂದ ಮಿರೋನ್, ತನ್ನ ಎರಡು ಸ್ಕಾರ್ಫುಗಳ ಒಳಗಿಂದ.

"ಸರಿ. ಇದನ್ನೇ ಹಾಕು, ಚೆನ್ನಾಗಿದೆ. ನಿನ್ನನ್ನ ಆಮೇಲೆ ನೋಡ್ಕೋತೀನಿ."

ಕೊಬ್ಬಿನ ಗುರುವಾರ ಬಂತು. ಸಂಜೆ ನಾಲ್ಕರ ಆಟ, ಸೊನ್ನೆಗಿಂತ ಒಂಬತ್ತು ಕೆಳಗೆ, ನಾನೂರ ಹನ್ನೆರಡೂ ತುಂಬಿತ್ತು. ಕಮಾನಿನ ಕೆಳಗೆ ಪೊಂಚ್ಕಿಯ ಎಂಟು ಪೆಟ್ಟಿಗೆಗಳನ್ನು ಕ್ಯಾಪ್ಟನ್ ಕಂಡುಹಿಡಿದ.

"ಇದು ಮುಚ್ಚಿರ್ಬೇಕು. ವಾಸನೆಗೆ ಜನ ಓಡಿ ಬಂದ್ರೆ ನಾನು ಅದನ್ನ ಲೆಕ್ಕಕ್ಕೆ ಹಿಡಿಯಲ್ಲ" ಎಂದು ತಾನೇ ಪೆಟ್ಟಿಗೆಗಳ ಮೇಲೆ ಕಂಬಳಿ ಹೊದಿಸಿದ. ಹೊದಿಸುವಾಗ ಒಂದು ಪೊಂಚ್ಕಿ ಕಮ್ಮಿಯಾಯಿತೆಂದು ಹಿಯೆರೋನಿಮ್ ಈಗಲೂ ಆಣೆ ಮಾಡುತ್ತಾನೆ.

ಗಂಟೆ ಹೊಡೆಯಿತು. ಬಾಲ್ಕನಿಯ ಗೋಡೆಯಿಂದ ಇರ್ಮೀನಾಳ ದನಿ, ಅಂದರೆ ಮಿರೋನ್‌ನ ದನಿ, ಹೊರಟಿತು. ಜನ ಎದ್ದರು. ಮೊಗಸಾಲೆಯ ಮೂಲೆಯಲ್ಲಿ ನಿಂತ ಮಿರೋನ್ ಉಗುರು ಕಚ್ಚುತ್ತ ಒಂದೇ ಜಾಗವನ್ನು ನೋಡುತ್ತಿದ್ದ: ಮೆಟ್ಟಿಲ ಬುಡ, ಎಡವೋ ಬಲವೋ ತೀರ್ಮಾನವಾಗುವ ಆ ಮೂರು ಹಾಸುಗಲ್ಲು.

ಮೊದಲು ಇಳಿದದ್ದು ಭಾರೀ ಮೈಯ ಒಬ್ಬ ಹೆಂಗಸು. ಅವಳ ಕೋಟಿಗೆ ನರಿತುಪ್ಪಳದ ಕಾಲರಿತ್ತು ಎನ್ನುವುದು ಮಿರೋನ್‌ಗೆ ಈಗ ಗೊತ್ತಿತ್ತು, ಮೂವತ್ತೆರಡನೆಯ ಕೊಕ್ಕೆ. ಅವಳು ಎಡಕ್ಕೆ ತಿರುಗಿದಳು. ಹಿಂದಿನ ಇಪ್ಪತ್ತು ಜನ ಅವಳ ಬೆನ್ನು ನೋಡಿ ಎಡಕ್ಕೇ ತಿರುಗಿದರು. ಅವಳು ಕಬ್ಬಿಣದ ಬಾಗಿಲಿಗೆ ಅಂಗೈ ಇಟ್ಟಳು, ತಳ್ಳಿ ನೋಡಿದಳು. ಇವಳೊಬ್ಬಳು ಇಲ್ಲಿ ನಿಂತರೆ ಸಾಕು, ಎಲ್ಲ ನಿಂತರು.

ಆಗ ಹೊರಬಾಗಿಲ ಬಳಿ ಕೀಲಿಗೊಂಚಲು ಝಣ್ ಎಂದಿತು. ಇರ್ಮೀನಾ ಅದನ್ನು ತಲೆಯ ಮೇಲೆತ್ತಿ ಹಿಡಿದು, ಹಿಂದಿರುಗಿ ನೋಡದೆ, ಎಡಗಾಲನ್ನು ಬಲಗಾಲು ಕರೆದುಕೊಂಡು ಹೋಗುವಂತೆ, ಚಳಿಗೆ ಇಳಿಯುತ್ತಿದ್ದಳು.

"ನರಿ ಅವಳ ಹತ್ರ ಇದೆ" ಎಂದಳು ಆ ಹೆಂಗಸು ಪಕ್ಕದವರಿಗೆ, ಸಮಾಧಾನದಿಂದ. ಬಲಕ್ಕೆ ತಿರುಗಿದಳು. ಇಪ್ಪತ್ತು ಜನ ತಿರುಗಿದರು. ಆಮೇಲೆ ಇಡೀ ಊರು ತಿರುಗಿತು.

ಕ್ಯಾಪ್ಟನ್ ಗಡಿಯಾರ ಒತ್ತಿದಾಗ ಒಳಗೆ ನಟರೂ ಉಳಿದಿರಲಿಲ್ಲ. ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡು.

ಕಮಾನಿನ ಕೆಳಗೆ ತಾರ್ನುಫ್ ಊರು ನಿಂತಿತ್ತು, ಯಾವತ್ತೂ ನಿಂತಿರದ ಹಾಗೆ. ಅಂಚೆಕಚೇರಿಯ ಗುಮಾಸ್ತ ರಾಜನ ನಿಲುವಂಗಿಯಲ್ಲಿ, ದಂತವೈದ್ಯ ಸೈತಾನನ ಬಾಲದೊಂದಿಗೆ, ನರಿತುಪ್ಪಳದ ಹೆಂಗಸು ಕರಡಿಯ ಚರ್ಮ ಹೊದ್ದು, ಎಲ್ಲರ ಕೈಯಲ್ಲೂ ಪೊಂಚ್ಕಿ, ಎಲ್ಲರ ಮೀಸೆಗೂ ಸಕ್ಕರೆ. ಬಾಲ್ಕನಿಯಿಂದ ಇಳಿದು ಬಂದ ಮಿರೋನ್‌ನ ತಾಯಿ ಸನ್ಯಾಸಿನಿಯ ಮುಸುಕಿನೊಳಗಿಂದ, "ನನ್ನ ಮಗ ಮಾಡಿದ್ದು, ಇದೆಲ್ಲಾ ನನ್ನ ಮಗ" ಎಂದು ಕಂಡ ಕಂಡವರಿಗೆ ಹೇಳುತ್ತಿದ್ದಳು. ಮಿರೋನ್ ಅವಳ ಮಾತನ್ನು ತಿದ್ದಿದ. ಅವನು ಯಾರನ್ನಾದರೂ ತಿದ್ದಿ ತನ್ನ ಪಾಲು ಕಡಿಮೆ ಮಾಡಿಕೊಂಡದ್ದು ಅದೇ ಮೊದಲು.

"ನನ್ದಲ್ಲಮ್ಮಾ. ಚುಕ್ಕಿಗೆ ಚಳಿ ಕಲಿಸ್ದೋರು ಅಲ್ಲಿದಾರೆ ನೋಡು."

ಅಲ್ಲಿ ಇರ್ಮೀನಾ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ರೈಲ್ವೆಯ ಒಬ್ಬ ಮುದುಕನಿಗೆ ಚಕ್ರವರ್ತಿಯ ಗುಂಡಿ ಹಾಕಿಕೊಡುತ್ತಿದ್ದಳು. ಯಾರೋ ಚಪ್ಪಾಳೆ ಹೊಡೆದರು. ರಾಜರು, ಸೈತಾನರು, ಸನ್ಯಾಸಿನಿಯರು ಎಲ್ಲ ಸೇರಿ ಕೈಗವಸಿಲ್ಲದ ಕೈಗಳಲ್ಲಿ ಚಪ್ಪಾಳೆ ಹೊಡೆದರು. ಅವಳು "ಕೈ ಒಳಗಿಟ್ಕೊಳ್ಳಿ, ಚಳಿ" ಎಂದು ಗದರಿದಳು, ಆದರೆ ಆವತ್ತು ಕೊನೆಗೆ 'ಆಯ್ತಾ' ಹಾಕುವುದನ್ನು ಮರೆತಳು.

ಕ್ಯಾಪ್ಟನ್ ಮಾತ್ರ ಕರಗಲಿಲ್ಲ. "ಸಹಿ ನಾಳೆ" ಎಂದ. "ಬೆಳಿಗ್ಗೆ ಆ ಅರವತ್ತು ಟೋಪಿಗಳನ್ನ ಇನ್ನೊಂದ್ಸಲ ಮೆಟ್ಟಿಲ ಮೇಲೆ ನಡ್ಸಿ. ನಿಮ್ಮ ಕ್ಯಾಮೆರಾ ಅಳತೆ ಸರಿಯಾಗಿದೆಯಾ ನೋಡ್ಬೇಕು. ತಪ್ಪಿದ್ರೆ ಸಹಿ ಇಲ್ಲ."

ಶುಕ್ರವಾರ ಬೆಳಿಗ್ಗೆ ಮಿರೋನ್ ವೇದಿಕೆಯ ಹಿಂದಿನ ಕೋಣೆಯಲ್ಲಿ ಪರದೆಯ ಮುಂದೆ ಕೂತ. ಪಕ್ಕದಲ್ಲಿ ಕ್ಯಾಪ್ಟನ್. ಮೆಟ್ಟಿಲ ಮೇಲೆ ಟೋಪಿಗಳು ಹೊರಟವು, ಪರದೆಯ ಮೇಲೆ ಅರವತ್ತು ಚುಕ್ಕಿಗಳು.

ಆರು ಹೆಜ್ಜೆ ನಡೆದವು. ಒಟ್ಟಿಗೆ ನಿಂತವು. ಬಲಕ್ಕೆ ಒಂದು ಸಲ ಕುಲುಕಿದವು. ಮತ್ತೆ ಆರು ಹೆಜ್ಜೆ. ಮತ್ತೆ ನಿಂತವು. ಮತ್ತೆ ಕುಲುಕು.

ಮಿರೋನ್ ಯಂತ್ರ ಆರಿಸಿ ಮತ್ತೆ ಹಚ್ಚಿದ. ಆರು ಹೆಜ್ಜೆ, ನಿಲುಗಡೆ, ಕುಲುಕು.

"ಇದೇನು ಡಾಕ್ಟ್ರೇ? ಚುಕ್ಕಿಗಳಿಗೆ ಬಿಕ್ಕಳಿಕೆ ಬಂದಿದೆಯಾ?"

"ಕ್ಯಾಮೆರಾ ತಪ್ಪು ಸಾರ್. ಎಲ್ಲೋ ತಂತಿ... ಇಂಥ ನಡಿಗೆ ಇರೋಕೆ ಸಾಧ್ಯಾನೇ ಇಲ್ಲ. ಈ ಥರ ನಡೆಯೋ ಮನುಷ್ಯ ಭೂಮಿ ಮೇಲಿಲ್ಲ!"

"ಖಂಡಿತಾ?"

"ಸಾವಿರಾರು ಜನರ ನಡಿಗೆ ಅಳೆದೋನು ಸಾರ್ ನಾನು. ಬೇಕಾದ್ರೆ ಬರ್ದು ಕೊಡ್ತೀನಿ."

"ಬರ್ಕೊಡಿ" ಎಂದ ಕ್ಯಾಪ್ಟನ್, ಕಾಗದ ಪೆನ್ನು ಮುಂದೆ ತಳ್ಳಿ. 'ಈ ರೀತಿ ನಡೆಯುವ ಮನುಷ್ಯ ಇಲ್ಲ' ಎಂದು ಬರೆದು ಮಿರೋನ್ ಸಹಿ ಹಾಕಿದ. ಹಾಕಿದವನೇ ತಂತಿ ನೋಡಲು ಮೆಟ್ಟಿಲ ಕಡೆಗೆ ದೌಡಾಯಿಸಿದ.

ತಂತಿ ಸರಿಯಾಗಿತ್ತು. ಬಾಲ್ಕನಿಯ ಮೆಟ್ಟಿಲ ಮೇಲೆ ಅರವತ್ತು ಮುದುಕರು, ಬೆನ್ನ ಹಿಂದೆ ಕೈಯಲ್ಲಿ ಒಂದೊಂದು ಟಿಪ್ಪಣಿ ಪುಸ್ತಕ ಹಿಡಿದು, ಕೋಳಿಯಂತೆ ಕತ್ತು ಮುಂದೆ ಚಾಚಿ ಇಳಿಯುತ್ತಿದ್ದರು. ಆರು ಹೆಜ್ಜೆ. ನಿಂತರು. ಬಲಗೈ ಹೆಬ್ಬೆರಳಿನಿಂದ ಮೂಗಿನ ಮೇಲೆ ಕನ್ನಡಕ ತಳ್ಳಿಕೊಂಡರು. ಕನ್ನಡಕ ಇಲ್ಲದವರು ಮೂಗನ್ನೇ ತಳ್ಳಿಕೊಂಡರು. ಬಲ ಭುಜ ಕುಲುಕಿದರು. "ಹ್ಞೂಂ, ಇದನ್ನ ಬರ್ಕೋಬೇಕು" ಎಂದು ಅರವತ್ತು ಬಾಯಿಗಳು ಗೊಣಗಿದವು. ಮತ್ತೆ ಆರು ಹೆಜ್ಜೆ. ಒಬ್ಬರ ಮುಖದಲ್ಲೂ ನಗುವಿಲ್ಲ, ಶವಯಾತ್ರೆಯಷ್ಟು ಗಾಂಭೀರ್ಯ. ಎಲ್ಲರ ಮುಂದೆ, ಎರಡು ಸ್ಕಾರ್ಫ್ ಸುತ್ತಿಕೊಂಡು, ಇರ್ಮೀನಾ. ಅವಳ ಎಡಗಾಲು ಆವತ್ತು ತಡಮಾಡದೆ, ಥೇಟ್ ಯಾರದೋ ಕಾಲಿನಂತೆ ಹೊರಡುತ್ತಿತ್ತು.

ಯಾರದು? ಮಿರೋನ್ ಬೆಪ್ಪಾಗಿ ನಿಂತ. ಈ ನಡಿಗೆ ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸುತ್ತ ಹೆಬ್ಬೆರಳಿನಿಂದ ಕನ್ನಡಕ ತಳ್ಳಿಕೊಂಡ. ಬಲ ಭುಜ ತಾನಾಗಿ ಕುಲುಕಿತು.

ಕುಲುಕಿದ ಭುಜವನ್ನು ಅವನು ತಿರುಗಿ ನೋಡಿಕೊಂಡ.

ಹಿಂದಿನಿಂದ ಹೆಜ್ಜೆ ಸದ್ದಾಯಿತು. ಒಂದು, ಎರಡು, ಮೂರು... ಆರು. ಕ್ಯಾಪ್ಟನ್ ಪ್ರಂದೋತಾ ಕತ್ತು ಚಾಚಿ ಬಂದು ಅವನ ಪಕ್ಕ ನಿಂತು, ಇಲ್ಲದ ಕನ್ನಡಕ ತಳ್ಳಿ, ಭುಜ ಕುಲುಕಿ, ಜೇಬಿನಿಂದ ಎರಡು ಕಾಗದ ತೆಗೆದ. ಒಂದು, ಬಾಲ್ಕನಿ ತೆರೆಯಲು ಅನುಮತಿ. ಅದಕ್ಕೆ ನಿನ್ನೆಯೇ, ಸಕ್ಕರೆಯ ಬೆರಳಚ್ಚಿನ ಸಮೇತ, ಸಹಿ ಬಿದ್ದಿತ್ತು. ಇನ್ನೊಂದು, ಅಂಥ ಮನುಷ್ಯ ಭೂಮಿಯ ಮೇಲಿಲ್ಲ ಎಂದು ಡಾಕ್ಟರ್ ಸೋಖಾ ಬರೆದುಕೊಟ್ಟದ್ದು.

"ಇದನ್ನ ಎಲ್ಲಿ ನೇತು ಹಾಕೋಣ ಇರ್ಮೀನಮ್ಮಾ?" ಎಂದ ಕ್ಯಾಪ್ಟನ್.

"ನೂರ ಏಳನೇ ಕೊಕ್ಕೆಗೆ" ಎಂದಳು ಇರ್ಮೀನಾ. "ಹನ್ನೆರಡು ವರ್ಷ ನಾನು ಅವನ ಮುಂದೆ ನಡೆದೆ. ಒಂದು ದಿನ ಅವನ ಹಿಂದೆ ನಡೆದ್ರೆ ತಪ್ಪಾ? ಆಯ್ತಾ?"

ಆಗ ಮೆಟ್ಟಿಲು ಪೂರ್ತಿ ಒಡೆದು ನಕ್ಕಿತು. ಹಿಯೆರೋನಿಮ್ ಕಟಕಟೆ ಹಿಡಿದು ನಕ್ಕ, ಕ್ಯಾಪ್ಟನ್‌ನ ಮೀಸೆ ನಕ್ಕಿತು. ಆದರೆ ಅವರೆಲ್ಲರ ನಗುವನ್ನೂ ಮುಳುಗಿಸಿ, ಮೆಟ್ಟಿಲ ಬುಡದಲ್ಲಿ ಕುಸಿದು ಕೂತು, ಕನ್ನಡಕ ಕೈಯಲ್ಲಿ ಹಿಡಿದು, ಕಣ್ಣೀರು ಒರೆಸಲೂ ಮರೆತು, ಬೀಗ ತೆಗೆದ ಬಾಲ್ಕನಿಯ ಕೊನೆಯ ಸಾಲಿಗೂ ಕೇಳುವಂತೆ ನಕ್ಕವನು ಮಿರೋನ್.